ಕರ್ನಲ್‌ಗೊಂದು ಆಯೇರಿ

ಕಳೆದ ಬೇಸಿಗೆಯಲ್ಲಿ ನಮ್ಮ ಸೋದರಮಾವ ಟ್ರ್ಯಾಕ್ಟರ್ ಟ್ರೇಲರಿನಿಂದ ಇಳಿಯಲು ಹೋಗಿ ಕಾಲು ಮುರಿದುಕೊಂಡ. ಅವನದು ಸಿರುಗುಪ್ಪದ ಕಡೆ ಹಳ್ಳಿ. ಪ್ಲಾಸ್ಟರ್ ಹಾಕಿಸಿಕೊಂಡು ಬಳ್ಳಾರಿಯ ನಮ್ಮ ಮನೆಯಲ್ಲೇ ಒಂದೂವರೆ ತಿಂಗಳು ಇದ್ದ. ಬಳ್ಳಾರಿ ಬೇಸಿಗೆ ಗೊತ್ತಲ್ಲ, ಹನ್ನೊಂದು ಗಂಟೆಗೆಲ್ಲ ಬೀದಿ ಖಾಲಿ. ಕೂಲರ್ ಮುಂದೆ ಮಂಚ, ಮಂಚದ ಮೇಲೆ ಮಾವ, ಮಾವನ ಕಾಲಿನ ಕೆಳಗೆ ಎರಡು ದಿಂಬು. ಗದ್ದೆ ಬದುವಿನ ಮೇಲೆ ಓಡಾಡಿಕೊಂಡಿದ್ದ ಮನುಷ್ಯನನ್ನು ಹೀಗೆ ಕಟ್ಟಿ ಹಾಕಿದರೆ ಏನು ಮಾಡಬೇಕು? ಅಮ್ಮನ ಜೊತೆ ಸೀರಿಯಲ್ ನೋಡಲು ಶುರು ಮಾಡಿದ. ನಾಲ್ಕೇ ದಿನಕ್ಕೆ ಸಾಕಾಯಿತು. ಸೀರಿಯಲ್ಲಿನ ಅತ್ತೆ ಸೊಸೆಯನ್ನು ದುರುಗುಟ್ಟಿ ನೋಡುವಾಗ ಅದೇ ಮುಖವನ್ನು ಮೂರು ಸಲ, ಮೂರು ಕಡೆಯಿಂದ, ಢಂ ಢಂ ಅಂತ ಸದ್ದು ಹಾಕಿ ತೋರಿಸುತ್ತಾರಲ್ಲ, ಅದನ್ನು ನೋಡಿ, "ಒಂದ್ಸಲ ನೋಡಿದ್ರ ತಿಳಿಯಂಗಿಲ್ಲೇನಲೇ ಅಳಿಯಾ, ಆಕಿ ಕೆಟ್ಟಾಕಿ ಅಂತ?" ಎಂದ.

ಮಾವನಿಗೆ ಹಾಗೆ ಕೇಳುವ ಹಕ್ಕಿದೆ. ಮೂವತ್ತು ವರ್ಷ ದೊಡ್ಡಾಟದಲ್ಲಿ ಪಾತ್ರ ಹಾಕಿದವನು. ದುರ್ಯೋಧನ, ಕೀಚಕ, ರಾವಣ. ಒಂದು ಸಲವೂ ಧರ್ಮರಾಯ ಆಗಲಿಲ್ಲ. ದನಿ ದೊಡ್ಡದು, ಎದೆ ಅಗಲ, ಕಣ್ಣು ಸ್ವಲ್ಪ ಕೆಂಪು. ಆಟದ ಮಾಸ್ತರನಿಗೆ ಅಷ್ಟು ಸಾಕಾಗಿತ್ತು.

ಒಂದು ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತಂದು ಅವನ ಪಕ್ಕ ಕೂತೆ. ನಾನು ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಲೆಕ್ಕ ಬರೆಯುವವನು. ಹಗಲೆಲ್ಲ ಹೊಲಿಗೆ ಮಷಿನ್ನುಗಳ ಗದ್ದಲ, ರಾತ್ರಿ ಹಳೆಯ ಪತ್ತೇದಾರಿ ಸರಣಿಗಳ ಹುಚ್ಚು. "ಇಂಗ್ಲಿಷು ನನಗೇನು ತಿಳಿತೈತಿ" ಅಂದ ಮಾವ. "ನಾನು ಹೇಳ್ತಾ ಹೋಗ್ತೀನಿ, ನೀನು ಸುಮ್ನೆ ನೋಡು" ಅಂದೆ. ಹಾಕಿದ್ದು ಕೊಲಂಬೊ.

ಕೊಲಂಬೊ ಗೊತ್ತಿಲ್ಲದವರಿಗೆ ಎರಡು ಮಾತು. ಲಾಸ್ ಏಂಜಲೀಸ್ ಪೊಲೀಸರಲ್ಲಿ ಒಬ್ಬ ಲೆಫ್ಟಿನೆಂಟ್. ಸುಕ್ಕುಸುಕ್ಕಾದ ರೇನ್‌ಕೋಟು, ಬೆರಳ ಸಂದಿಯಲ್ಲಿ ಸಿಗಾರು, ಗುಜರಿಗೆ ಹಾಕಬೇಕಾದ ಪ್ಯೂಜೊ ಕಾರು, ಮಾತೆತ್ತಿದರೆ ಹೆಂಡತಿಯ ಸುದ್ದಿ. ಆ ಹೆಂಡತಿಯನ್ನು ಮಾತ್ರ ನಮಗೆ ಯಾವತ್ತೂ ತೋರಿಸುವುದಿಲ್ಲ. ಪೀಟರ್ ಫಾಕ್ ಮಾಡಿದ ಪಾತ್ರ, ಮೈಮೇಲಿನ ಆ ಕೋಟು ಕೂಡ ಅವನದ್ದೇ ಸ್ವಂತದ್ದು. ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಎಂಬ ಜೋಡಿ ಬರೆದ ಪಾತ್ರ ಇದು. 1968ರಲ್ಲಿ ಒಂದು ಟಿವಿ ಸಿನಿಮಾ ಬಂತು, 1971ರಿಂದ 1978ರವರೆಗೆ ಎನ್‌ಬಿಸಿಯಲ್ಲಿ ಸರಣಿ, ಮತ್ತೆ 1989ರಿಂದ 2003ರವರೆಗೆ ಎಬಿಸಿಯಲ್ಲಿ. ಒಟ್ಟು 69 ಕಂತು. ಪ್ರಶ್ನೆ ಎಲ್ಲ ಮುಗಿಯಿತು ಅಂತ ಕೊಲೆಗಾರ ಉಸಿರು ಬಿಡುವ ಹೊತ್ತಿಗೆ ಈತ ಬಾಗಿಲ ತನಕ ಹೋಗಿ, ಹಣೆ ಕೆರೆದುಕೊಂಡು ತಿರುಗುತ್ತಾನೆ. ಇನ್ನೊಂದೇ ಒಂದು ಮಾತು ಸಾರ್, ಅನ್ನುತ್ತಾನೆ.

ಇನ್ನೊಂದು ವಿಶೇಷ ಇದೆ, ನಿಜವಾದ ವಿಶೇಷ ಅದೇ. ಕೊಲೆ ಮಾಡಿದವನು ಯಾರು ಅಂತ ಮೊದಲೇ ತೋರಿಸಿಬಿಡುತ್ತಾರೆ. ಕೊಲೆಗಾರ ಎದುರಿಗೇ ಇರುತ್ತಾನೆ, ತಯಾರಿ ಮಾಡುತ್ತಾನೆ, ಕೊಲ್ಲುತ್ತಾನೆ, ಕೈ ತೊಳೆದುಕೊಳ್ಳುತ್ತಾನೆ. ಆಮೇಲೆ ಕೊಲಂಬೊ ಬರುವುದು, ಕೆಲವು ಸಲ ಅರ್ಧ ಗಂಟೆ ಕಳೆದ ಮೇಲೆ. ಮಾವನಿಗೆ ಇದು ಹಿಡಿಸಲಾರದು ಅಂತ ನನಗೆ ಒಳಗೇ ಅಳುಕಿತ್ತು. ಪತ್ತೇದಾರಿ ಅಂದ ಮೇಲೆ ಗುಟ್ಟು ಕೊನೆಗೆ ತಾನೆ ಬಿಚ್ಚಬೇಕು? ಮಾವ ಕೈ ಎತ್ತಿ ನಿಲ್ಲಿಸು ಅಂದ. ನಿಲ್ಲಿಸಿದೆ.

"ಕೊಂದಾಂವ ಯಾರಂತ ಮೊದ್ಲ ತೋರಿಸಿಬಿಟ್ರಲ್ಲೋ."

"ಹೂಂ ಮಾವ, ಇದ್ರಲ್ಲಿ ಹಾಗೇ."

"ಹಂಗಾದ್ರ ಇದು ನಮ್ಮ ಆಟ ಇದ್ದಂಗೈತಿ."

ದೊಡ್ಡಾಟ ನೋಡಿದವರಿಗೆ ಗೊತ್ತು. ಪಾತ್ರಧಾರಿ ಅಟ್ಟದ ಮೇಲೆ ಬಂದ ಕೂಡಲೇ ಸಾರಥಿ ಎದುರು ನಿಂತು ನೀವು ಯಾರು, ಯಾವ ದೇಶ, ಬಂದ ಕಾರಣವೇನು ಅಂತ ಕೇಳುತ್ತಾನೆ. ಕಿರೀಟ, ಭುಜಕೀರ್ತಿ, ಎದೆಕಟ್ಟು ಕಟ್ಟಿಕೊಂಡ ದುರ್ಯೋಧನ ಹಲಗೆ ಮುರಿಯುವ ಹಾಗೆ ಕುಣಿದು, ಕುಲ, ಪ್ರತಾಪ, ಮನಸ್ಸಿನ ಕಿಚ್ಚು ಎಲ್ಲವನ್ನೂ ಬಾಯಿಬಿಟ್ಟು ಹೇಳಿಬಿಡುತ್ತಾನೆ. ಮುಚ್ಚುಮರೆ ಅನ್ನುವುದೇ ಇಲ್ಲ. "ಕೀಚಕ ಸಾಯ್ತಾನ ಅಂತ ತೊಟ್ಟಿಲ ಕೂಸಿಗೂ ಗೊತ್ತು. ಆದ್ರೂ ಬೆಳತನಕ ಕುಂದರ್ತಾರಲ್ಲ, ಯಾಕ? ಈ ಸಲದ ಕೀಚಕ ಹೆಂಗ ಸಾಯ್ತಾನ ನೋಡೂಣು ಅಂತ." ಮಾವ ಇಷ್ಟು ಹೇಳಿ, ಹಾಕು ಮುಂದೆ ಅಂತ ಬೆರಳು ತೋರಿಸಿದ. ಕೊಲಂಬೊ ಬಗ್ಗೆ ಇಂಗ್ಲಿಷಿನಲ್ಲಿ ಸಾಕಷ್ಟು ಓದಿದ್ದೆ. ಈ ಕಡೆಯಿಂದ ಒಂದು ಸಲವೂ ಯೋಚನೆ ಮಾಡಿರಲಿಲ್ಲ. ಕಥೆಯ ಗುಟ್ಟು ಮೊದಲೇ ಹೋದ ಮೇಲೆ ನೋಡುವವನನ್ನು ಹಿಡಿದು ಕೂರಿಸುವ ಭಾರ ಯಾರ ಮೇಲೆ ಬೀಳುತ್ತದೆ? ಕೊಲೆಗಾರನ ಪಾತ್ರ ಹಾಕಿದವನ ಮೇಲೆ.

ಅವತ್ತು ನಾನು ಹಾಕಿದ್ದು ನನಗೆ ಎಲ್ಲಕ್ಕಿಂತ ಇಷ್ಟವಾದ ಕಂತು. 'ಬೈ ಡಾನ್ಸ್ ಅರ್ಲಿ ಲೈಟ್', 1974ರ ಅಕ್ಟೋಬರಿನದು. ಅಮೆರಿಕದ ರಾಷ್ಟ್ರಗೀತೆಯಿಂದ ಎತ್ತಿಕೊಂಡ ಹೆಸರು. ಕೊಲೆಗಾರ ಕರ್ನಲ್ ರಮ್‌ಫರ್ಡ್, ಹುಡುಗರ ಸೈನಿಕ ಶಾಲೆಯೊಂದರ ಮುಖ್ಯಸ್ಥ. ಪಾತ್ರ ಮಾಡಿದವನು ಪ್ಯಾಟ್ರಿಕ್ ಮೆಕ್‌ಗೂಹನ್. ಇಲ್ಲಿಂದ ಮುಂದೆ ಕಥೆಯನ್ನೆಲ್ಲ ಹೇಳುತ್ತೇನೆ, ಮೊದಲು ನೋಡಿ ಬರಬೇಕು ಅನ್ನುವವರು ನೋಡಿಕೊಂಡು ಬನ್ನಿ.

ಶಾಲೆ ಕಟ್ಟಿದವನ ಮೊಮ್ಮಗ ಹೇನ್ಸ್‌ಗೆ ಇನ್ನು ಈ ಕವಾಯತು ಗಿವಾಯತು ಸಾಕು ಅನಿಸಿದೆ. ಸೈನಿಕ ಶಾಲೆ ಮುಚ್ಚಿ, ಹುಡುಗ ಹುಡುಗಿಯರು ಒಟ್ಟಿಗೆ ಓದುವ ಸಾಮಾನ್ಯ ಕಾಲೇಜು ಮಾಡುವ ಯೋಚನೆ. ಕರ್ನಲ್‌ಗೆ ಆ ಶಾಲೆಯೇ ಬದುಕು. ಸ್ಥಾಪಕರ ದಿನಾಚರಣೆಯಲ್ಲಿ ಹಳೆಯ ಫಿರಂಗಿಯೊಂದನ್ನು ಹಾರಿಸುವ ಪದ್ಧತಿ ಇದೆ. ಕರ್ನಲ್ ಅದರ ತೋಟಾದಲ್ಲಿ ಮದ್ದು ತೆಗೆದು ಜೋರಾದ ಸ್ಫೋಟಕ ತುಂಬುತ್ತಾನೆ, ನಳಿಗೆಯೊಳಗೆ ಒರೆಸುವ ಬಟ್ಟೆ ತುರುಕುತ್ತಾನೆ, ಆಮೇಲೆ ನೀನು ಬರುವುದು ಬೇಡ ಎನ್ನುತ್ತಲೇ ಹೇನ್ಸ್ ತಾನೇ ಹಠ ಹಿಡಿದು ಫಿರಂಗಿ ಹಾರಿಸುವ ಹಾಗೆ ಮಾಡುತ್ತಾನೆ. ಫಿರಂಗಿ ಸಿಡಿಯುತ್ತದೆ. ತಪ್ಪು ಯಾರದು? ಫಿರಂಗಿ ಒರೆಸುವ ಕೆಲಸ ಇದ್ದದ್ದು ಸ್ಪ್ರಿಂಗರ್ ಎಂಬ ಹುಡುಗನಿಗೆ, ಸ್ವಲ್ಪ ಉಡಾಳ. ಬಟ್ಟೆ ಒಳಗೇ ಮರೆತಿರಬೇಕು ಅಂತ ಎಲ್ಲರ ಕಣ್ಣು ಅವನ ಮೇಲೆ.

ಕಥೆ ಇಷ್ಟೇ. ಕಾಗದದ ಮೇಲೆ ಸಾಧಾರಣ ಕಥೆ. ಇದನ್ನು ಎತ್ತಿ ನಿಲ್ಲಿಸುವುದು ಮೆಕ್‌ಗೂಹನ್ ಒಬ್ಬನೇ.

ಶುರುವಿನಲ್ಲಿ ಅವನು ತೋಟಾ ತುಂಬುವ ದೃಶ್ಯ ನೋಡಿ. ಮಾತೇ ಇಲ್ಲ. ಕರ್ನಲ್ ಒಬ್ಬನೇ, ಅವನ ಕೈಗಳು, ಮೇಜಿನ ಮೇಲಿನ ಸಾಮಾನು. ನಮ್ಮಜ್ಜಿ ಕರಿಗಡುಬಿಗೆ ಹೂರಣ ತುಂಬುತ್ತಿದ್ದ ಹಾಗೆ, ಅಷ್ಟೇ ನಿಧಾನ, ಅಷ್ಟೇ ಅಚ್ಚುಕಟ್ಟು, ಒಂದು ಚೂರು ಆಚೀಚೆ ಚೆಲ್ಲಬಾರದು. ಬೇರೆ ಯಾವ ನಟನಾದರೂ ಇಲ್ಲೊಂದು ಓರೆ ನಗು ಹಾಕುತ್ತಿದ್ದ, ಹುಬ್ಬು ಗಂಟಿಕ್ಕುತ್ತಿದ್ದ. ಇವನ ಮುಖದಲ್ಲಿ ದ್ವೇಷವೂ ಇಲ್ಲ, ಖುಷಿಯೂ ಇಲ್ಲ. ಮಾಡಬೇಕಾದ ಕೆಲಸ ಮಾಡುತ್ತಿದ್ದಾನೆ, ನಾಳೆ ಬೆಳಿಗ್ಗೆ ಪರೇಡ್ ಇದೆ ಅನ್ನುವಷ್ಟೇ. ಮಾವ ದಿಂಬಿನಿಂದ ಬೆನ್ನೆತ್ತಿ ಕೂತ. "ಕೈ ನೋಡಲೇ ಅವನ್ದು" ಅಂದ. ಮೂವತ್ತು ವರ್ಷ ಕೂಗಿ, ಕುಣಿದು, ಗದೆ ಬೀಸಿ ಖಳನಾದವನಿಗೆ ಒಂದು ಮಾತೂ ಆಡದ ಖಳ ಕಂಡ ಹೊತ್ತು ಅದು.

ಆಮೇಲೆ ದನಿ. ಮೆಕ್‌ಗೂಹನ್ ಮಾತು ಆಡುವ ರೀತಿಯೇ ಬೇರೆ. ನಮ್ಮ ಘಟಕದ ಕಟಿಂಗ್ ಮಾಸ್ಟರ್ ಡೆನಿಮ್ ಕತ್ತರಿಸಿದ ಹಾಗೆ, ಅಂಚಿನಲ್ಲಿ ಒಂದು ನೂಲೂ ಹೊರಗಿಲ್ಲ. ವಾಕ್ಯ ಮುಗಿದ ಮೇಲೆ ಒಂದು ಕ್ಷಣ ನಿಲ್ಲುತ್ತಾನೆ, ಎದುರಿನವನು ಅಷ್ಟರಲ್ಲಿ ಒದ್ದಾಡಬೇಕು. ಕೊಲಂಬೊ ಮಾತು ಅದಕ್ಕೆ ಪೂರ್ತಿ ಉಲ್ಟಾ. ಎಲ್ಲೋ ಶುರು, ಎಲ್ಲೋ ಅಂತ್ಯ, ನಡುವೆ ಹೆಂಡತಿ, ಜೇಬಿನಲ್ಲಿ ಪೆನ್ಸಿಲ್ ಹುಡುಕಾಟ. ಇಸ್ತ್ರಿ ಮಾಡಿದ ಸಮವಸ್ತ್ರದ ಪಕ್ಕ ಆ ಸುಕ್ಕು ಕೋಟು ನಿಂತಾಗ ಏನೂ ಆಗದಿದ್ದರೂ ನೋಡುತ್ತಾ ಕೂರಬಹುದು. ತನಿಖೆ ಮುಗಿಯುವ ತನಕ ಕೊಲಂಬೊ ಹುಡುಗರ ವಸತಿಯಲ್ಲೇ ಉಳಿದುಕೊಳ್ಳುತ್ತಾನೆ. ಗಂಟೆ ಹೊಡೆದಂತೆ ಎದ್ದು ಮಲಗುವ ಜಾಗದಲ್ಲಿ ಈ ಮನುಷ್ಯ! ಅಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಂತು ನಗಲು ಶುರು ಮಾಡಿದಳು.

ನನಗೆ ಬಹಳ ಹಿಡಿಸಿದ್ದು ಬೇರೆ ಒಂದು ದೃಶ್ಯ. ಕೊಲಂಬೊ ಮತ್ತು ಕರ್ನಲ್ ಇಬ್ಬರೇ ಇದ್ದಾರೆ. ಮಾತಿನ ನಡುವೆ ಕರ್ನಲ್ ಕೇಳುತ್ತಾನೆ, ನಿಮಗೊಂದು ಮೊದಲ ಹೆಸರು ಇದೆಯಾ ಅಂತ. ಇದೆ, ಆದರೆ ಆ ಹೆಸರು ಹಿಡಿದು ಕರೆಯುವುದು ಹೆಚ್ಚುಕಡಿಮೆ ನನ್ನ ಹೆಂಡತಿ ಒಬ್ಬಳೇ, ಅನ್ನುತ್ತಾನೆ ಕೊಲಂಬೊ. ಅಷ್ಟೇ. ತನಿಖೆಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಆ ಪ್ರಶ್ನೆ ಕೇಳುವಾಗ ಮೆಕ್‌ಗೂಹನ್ ಬೆನ್ನು ನೆಟ್ಟಗೇ ಇರುತ್ತದೆ, ದನಿ ಮಾತ್ರ ಒಂದು ಎಳೆ ಸಡಿಲ ಆಗುತ್ತದೆ. ಈ ಮನುಷ್ಯನನ್ನು ಕರ್ನಲ್ ಅನ್ನದೆ ಹೆಸರಿಡಿದು ಯಾರಾದರೂ ಕರೆದು ಎಷ್ಟು ವರ್ಷ ಆಗಿರಬಹುದು ಅಂತ ನನಗೆ ಅನಿಸುತ್ತದೆ. ಇವನೊಬ್ಬ ಕೊಲೆಗಾರ, ಒಬ್ಬ ಹುಡುಗನ ತಲೆಗೆ ಅಪರಾಧ ಕಟ್ಟಲು ಹೊರಟವನು ಅಂತ ಗೊತ್ತಿದ್ದೂ ಆ ಗಳಿಗೆಯಲ್ಲಿ ಪಾಪ ಅನಿಸುವ ಹಾಗೆ ಮಾಡುವುದಿದೆಯಲ್ಲ, ಅದು ಸಣ್ಣ ಕೆಲಸ ಅಲ್ಲ.

ಅವನು ಸಿಕ್ಕಿಬೀಳುವ ರೀತಿ ಇನ್ನೂ ಚೆಂದ. ಹುಡುಗರು ಕದ್ದುಮುಚ್ಚಿ ಸೇಬಿನ ರಸ ಹುಳಿ ಬರಿಸಿ ಕುಡಿಯುತ್ತಿರುತ್ತಾರೆ. ಅದರ ಜಗ್ಗನ್ನು ಕಿಟಕಿಯಿಂದ ಹೊರಗೆ ನೇತು ಹಾಕಿದ್ದಾರೆ. ಕರ್ನಲ್ ಅದನ್ನು ನೋಡಿಬಿಟ್ಟಿದ್ದಾನೆ, ಶಿಸ್ತಿನ ಮನುಷ್ಯ ಸುಮ್ಮನಿರುತ್ತಾನಾ, ಹುಡುಕಿಸಿ ತಪ್ಪಿತಸ್ಥರನ್ನು ಹಿಡಿಯಲು ಹೊರಡುತ್ತಾನೆ. ಕೊಲಂಬೊ ನಿಧಾನಕ್ಕೆ ಲೆಕ್ಕ ಹಾಕುತ್ತಾನೆ. ಆ ಜಗ್ಗು ಹೊರಗಿದ್ದದ್ದು ಬೆಳಗಿನ ಜಾವ ಸ್ವಲ್ಪ ಹೊತ್ತು ಮಾತ್ರ, ಅದು ಕಾಣುವುದು ಫಿರಂಗಿ ಇರುವ ಜಾಗದಿಂದ ಮಾತ್ರ. ಹಾಗಾದರೆ ಕರ್ನಲ್ ಸಾಹೇಬರು ಆ ಹೊತ್ತಿನಲ್ಲಿ ಅಲ್ಲಿ ಏನು ಮಾಡುತ್ತಿದ್ದರು? ನೋಡಿದ್ದನ್ನು ನೋಡದ ಹಾಗೆ ಬಿಟ್ಟಿದ್ದರೆ ಉಳಿಯುತ್ತಿದ್ದ. ಬಿಡಲು ಆಗಲಿಲ್ಲ.

ಆಗ ಮೆಕ್‌ಗೂಹನ್ ಕೂಗಾಡುವುದಿಲ್ಲ, ಓಡುವುದಿಲ್ಲ. ಎಲ್ಲವೂ ಮುಗಿಯಿತು ಅನ್ನುವುದು ಕಣ್ಣಿನಲ್ಲಿ ಬಂದು ಹೋಗುತ್ತದೆ. ಮೈಯ ನೆಟ್ಟಗಿನ ನಿಲುವು ಮಾತ್ರ ಹಾಗೇ.

"ಅಯ್ಯ ಪಾಪ" ಅಂದಳು ಅಮ್ಮ.

"ಪಾಪ ಏನ್ ಪಾಪ, ಜೀವ ತಗದಾನ" ಅಂದ ಮಾವ. ಒಂದು ನಿಮಿಷ ಸುಮ್ಮನಿದ್ದ. "ಆದ್ರ ಇವಗೊಂದು ಆಯೇರಿ ಮಾಡಬೇಕು ನೋಡು."

ಆಯೇರಿ ಅಂದರೆ ಆಟದ ನಡುವೆ ಪಾತ್ರಧಾರಿಗೆ ನೆಂಟರು, ಮೆಚ್ಚಿದವರು ಕೊಡುವ ಉಡುಗೊರೆ. ಟವೆಲು, ಪಂಚೆ, ದುಡ್ಡು, ಅನುಕೂಲಸ್ಥರಿದ್ದರೆ ಬೆಳ್ಳಿ ಉಂಗುರ. ಇಂಥವರು ಇಂಥವರಿಗೆ ಇಷ್ಟು ಅಂತ ಮೈಕಿನಲ್ಲಿ ಕೂಗಿ ಹೇಳುತ್ತಾರೆ, ಆಟ ಅಷ್ಟು ಹೊತ್ತು ನಿಂತೇ ಬಿಡುತ್ತದೆ. ಮಾವ ದುರ್ಯೋಧನ ಹಾಕಿದ ಒಂದು ವರ್ಷ, ತೊಡೆ ಮುರಿದುಕೊಂಡು ಬಿದ್ದು ಮಾತಾಡುವ ಹೊತ್ತಿಗೆ ಬೆಳಗಾಗಿತ್ತಂತೆ, ಅರ್ಧ ಊರು ಮಲಗಿತ್ತು. ರಾತ್ರಿಯೆಲ್ಲ ಮುಂದಿನ ಸಾಲಿನಲ್ಲಿ ಕೂತು ಅವನಿಗೆ ಶಾಪ ಹಾಕುತ್ತಿದ್ದ ಒಬ್ಬ ಮುದುಕಿ ಅಟ್ಟದ ಹತ್ತಿರ ಬಂದು, ಸೆರಗಿನ ಗಂಟು ಬಿಚ್ಚಿ ಹನ್ನೊಂದು ರೂಪಾಯಿ ಇಟ್ಟು ಹೋದಳಂತೆ. ಮೈಕಿನಲ್ಲಿ ಕೂಗಿಸಲೂ ಇಲ್ಲ. "ಯಾಕ ಕೊಟ್ಳು ಅಂತ ನನಗ ಭಾಳ ದಿನ ತಿಳೀಲಿಲ್ಲ" ಅಂದ. ಆಮೇಲೆ ತಿಳಿಯಿತಾ ಅಂತ ಕೇಳಿದೆ. "ದುರ್ಯೋಧನ ಎಲ್ಲೂ ನಾ ಕೆಟ್ಟಾಂವ ಅನ್ನಂಗಿಲ್ಲೋ. ರಾಜ್ಯ ನಂದು ಅಂತಾನ, ಅಷ್ಟ. ಆವತ್ತು ನನಗೂ ಹಂಗ ಅನಿಸಿತ್ತು, ರಾಜ್ಯ ನಂದ ಅಂತ." ಹೀಗೆ ಹೇಳಿ ಪ್ಲಾಸ್ಟರಿನ ಮೇಲೆ ಬಡಿದುಕೊಂಡು, "ಈಗ ನೋಡು, ಬಣ್ಣ ಇಲ್ಲದ ತೊಡಿ ಮುರದ ದುರ್ಯೋಧನ ಆಗೀನಿ" ಅಂತ ನಕ್ಕ. ಮುರಿದದ್ದು ಮೊಣಕಾಲಿನ ಕೆಳಗೆ, ಇರಲಿ.

ಖಳ ಪಾತ್ರದ ಬಗ್ಗೆ ಮಾತು ಬಂದಾಗ ಬಳ್ಳಾರಿಯವರು ರಾಘವರನ್ನು ನೆನೆಯದೆ ಇರುವುದಿಲ್ಲ. ಬಳ್ಳಾರಿ ರಾಘವ, 1880ರಿಂದ 1946ರವರೆಗೆ ಬದುಕಿದವರು. ವೃತ್ತಿಯಲ್ಲಿ ವಕೀಲರು, ರಾತ್ರಿ ನಾಟಕ. ಅವರ ಹೆಸರಿನ ಕಲಾಮಂದಿರ ಊರಲ್ಲಿದೆ. ಅವರ ಅಭಿನಯ ನೋಡಿದವರು ಈಗ ಯಾರೂ ಉಳಿದಿರಲಾರರು. ಆದರೆ ನನಗೊಂದು ಯೋಚನೆ ಬರುತ್ತದೆ. ಕೋರ್ಟಿನಲ್ಲಿ ದಿನಾ ಅಪರಾಧಿಗಳನ್ನು ಹತ್ತಿರದಿಂದ ನೋಡುತ್ತಿದ್ದ ಮನುಷ್ಯನಿಗೆ, ಕೊಲೆ ಮಾಡಿದವನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನಮಸ್ಕಾರ ಹೇಳುತ್ತಾನೆ ಅನ್ನುವುದು ಗೊತ್ತಿದ್ದಿರಬೇಕು ಅಲ್ವಾ? ರಂಗದ ಮೇಲೆ ಅದು ಹೇಗೆ ಕಂಡಿರಬಹುದು?

ಮೆಕ್‌ಗೂಹನ್ ವಿಷಯಕ್ಕೆ ಬರುತ್ತೇನೆ. 1928ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಐರ್ಲೆಂಡಿನಲ್ಲೂ ಇಂಗ್ಲೆಂಡಿನ ಶೆಫೀಲ್ಡಿನಲ್ಲೂ ಬೆಳೆದವನು. 1967ರಲ್ಲಿ ಶುರುವಾದ 'ದಿ ಪ್ರಿಸನರ್' ಸರಣಿ ಅವನಿಗೆ ದೊಡ್ಡ ಹೆಸರು ತಂದಿತು. ಹದಿನೇಳೇ ಕಂತಿನ ವಿಚಿತ್ರ ಸರಣಿ, ಅದರ ತಲೆಬುಡ ಹುಡುಕುತ್ತಾ ಜನ ಇನ್ನೂ ಜಗಳ ಆಡುತ್ತಾರೆ. ಜೇಮ್ಸ್ ಬಾಂಡ್ ಪಾತ್ರಕ್ಕೆ ಕರೆದರೆ ಬೇಡ ಅಂದ ಭೂಪ. 'ಬ್ರೇವ್‌ಹಾರ್ಟ್' ಸಿನಿಮಾ ನೋಡಿದ್ದರೆ ಅದರಲ್ಲಿ ಇಂಗ್ಲೆಂಡಿನ ದೊರೆ ಎಡ್ವರ್ಡ್ ಆಗಿ ನೀವು ಅವನನ್ನು ನೋಡಿದ್ದೀರಿ, ಅಲ್ಲೂ ಅದೇ ಕತ್ತರಿಸಿದ ಮಾತು. ಕೊಲಂಬೊದಲ್ಲಿ ಅವನು ನಾಲ್ಕು ಸಲ ಕೊಲೆಗಾರ. 1974ರ ಕರ್ನಲ್, 1975ರಲ್ಲಿ ಬೇಹುಗಾರ, 1990ರಲ್ಲಿ ವಕೀಲ, 1998ರಲ್ಲಿ ಶವಸಂಸ್ಕಾರ ಮಾಡಿಸುವ ಉದ್ಯಮಿ. ಇವುಗಳಲ್ಲಿ ಕರ್ನಲ್ ಪಾತ್ರಕ್ಕೂ ವಕೀಲನ ಪಾತ್ರಕ್ಕೂ ಎಮ್ಮಿ ಪ್ರಶಸ್ತಿ ಬಂತು. ಐದು ಕಂತುಗಳನ್ನು ತಾನೇ ನಿರ್ದೇಶನ ಮಾಡಿದ. ಫಾಕ್‌ಗೂ ಅವನಿಗೂ ಒಳ್ಳೆಯ ಸ್ನೇಹ. 2009ರಲ್ಲಿ ತೀರಿಕೊಂಡ, ಎರಡು ವರ್ಷ ಬಿಟ್ಟು ಫಾಕ್ ಕೂಡ.

ವಕೀಲನ ಕಂತನ್ನೂ ಮಾವನಿಗೆ ತೋರಿಸಿದೆ. ಅದರಲ್ಲಿ ಕೊಲೆಗಾರ ಸಿಕ್ಕಿಬೀಳುವುದು ಚೀಸ್ ತುಂಡಿನ ಮೇಲೆ ಬಿಟ್ಟ ಹಲ್ಲಿನ ಗುರುತಿನಿಂದ. ಮಾವನಿಗೆ ಅಷ್ಟು ರುಚಿಸಲಿಲ್ಲ. "ಇಲ್ಲಿ ಅಂವ ನಗತಾನ, ಆಟ ಆಡ್ತಾನ. ಆ ಕರ್ನಲ್ ಆಟ ಆಡಲಿಲ್ಲ." ನಾನು ಒಪ್ಪುತ್ತೇನೆ. ವಕೀಲನ ಪಾತ್ರ ನೋಡಲು ಮಜಾ ಇದೆ, ಆದರೆ ಅಲ್ಲಿ ಮೆಕ್‌ಗೂಹನ್ ತಾನು ಖಳ ಅಂತ ತಿಳಿದುಕೊಂಡೇ ಅಭಿನಯಿಸುತ್ತಾನೆ. ಕರ್ನಲ್‌ಗೆ ಅದು ಗೊತ್ತೇ ಇಲ್ಲ.

ಇನ್ನೊಂದು ಸಂಗತಿ. ಕರ್ನಲ್‌ನ ಶಾಲೆ ಅಂತ ತೋರಿಸಿರುವ ಜಾಗ ಸುಳ್ಳು ಸೆಟ್ ಅಲ್ಲ. ಅಮೆರಿಕದ ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್ನಿನಲ್ಲಿರುವ ಸಿಟಡೆಲ್ ಎಂಬ ನಿಜವಾದ ಸೈನಿಕ ಕಾಲೇಜು. ಆಗ ಅಲ್ಲಿ ಕೆಡೆಟ್‌ಗಳಾಗಿ ಗಂಡುಹುಡುಗರು ಮಾತ್ರ ಇದ್ದರು. ಕೋರ್ಟು ಕಚೇರಿ ಎಲ್ಲ ಆದ ಮೇಲೆ 1990ರ ದಶಕದ ನಡುವಿನಲ್ಲಿ ಹುಡುಗಿಯರೂ ಸೇರಿದರು. ಕರ್ನಲ್ ಇದ್ದಿದ್ದರೆ ಎಷ್ಟು ಫಿರಂಗಿ ತುಂಬಬೇಕಾಗುತ್ತಿತ್ತೋ.

ಈಗ ನನ್ನದೊಂದು ಹಳೆಯ ಲೆಕ್ಕ.

ಆ ಕಂತನ್ನು ನಾನು ಮೊದಲ ಸಲ ನೋಡಿದಾಗ ಅರ್ಧಕ್ಕೇ ನಿಲ್ಲಿಸಿದ್ದೆ. ಕಾರಣ ನಮ್ಮ ಹೈಸ್ಕೂಲಿನ ಪಿಟಿ ಮಾಸ್ತರು. ಬಿಳಿ ಪ್ಯಾಂಟು, ಬಿಳಿ ಅಂಗಿ, ದಿನಾ ಬಿಳಿ ಬಳಿದ ಕ್ಯಾನ್ವಾಸ್ ಶೂ, ಕೊರಳಲ್ಲಿ ಹಿತ್ತಾಳೆ ಸೀಟಿ. ಅವರೂ ನೆಟ್ಟಗೆ ನಿಲ್ಲುತ್ತಿದ್ದರು, ಮಾತು ಮುಗಿಸಿ ಒಂದು ಕ್ಷಣ ಸುಮ್ಮನೆ ನೋಡುತ್ತಿದ್ದರು. ನಾನು ಒಂಬತ್ತನೇ ಕ್ಲಾಸು. ಆಗಸ್ಟ್ 15ಕ್ಕೆ ಬಾವುಟ ಕಟ್ಟುವ ಕೆಲಸ ನನಗೂ ಇನ್ನೊಬ್ಬ ಹುಡುಗನಿಗೂ ಕೊಟ್ಟಿದ್ದರು. ಅದೊಂದು ಕಲೆ. ಬಾವುಟವನ್ನು ಉದ್ದಕ್ಕೆ ಮಡಚಿ, ನಡುವೆ ಚೆಂಡುಹೂವಿನ ಎಸಳು ಹಾಕಿ, ಸುತ್ತಿ, ಹಗ್ಗದಿಂದ ಜೀರುಗುಣಿಕೆ ಹಾಕಬೇಕು. ಒಂದು ಕಡೆ ಎಳೆದರೆ ಸರ್ರನೆ ಬಿಚ್ಚಿಕೊಳ್ಳುವ ಗಂಟು. ಮಾಸ್ತರೇ ಒಂದು ವಾರ ಕಲಿಸಿದ್ದರು. ಹಿಂದಿನ ಸಂಜೆ ಕಟ್ಟಿಟ್ಟೆವು, ನಾಲ್ಕು ಸಲ ಎಳೆದು ನೋಡಿದೆವು, ನಾಲ್ಕು ಸಲವೂ ಎಸಳು ಉದುರಿದವು, ಆರಿಸಿಕೊಂಡು ಐದನೇ ಸಲ ಕಟ್ಟಿ ಮನೆಗೆ ಹೋದೆವು.

ಬೆಳಿಗ್ಗೆ ಮುಖ್ಯ ಅತಿಥಿ ಹಗ್ಗ ಎಳೆದರು. ಬಿಚ್ಚಲಿಲ್ಲ. ಮತ್ತೆ ಎಳೆದರು. ಮೇಲೆ ಆ ಮೂಟೆ ಅಲ್ಲಾಡುತ್ತಿತ್ತು ಅಷ್ಟೇ. ಕೊನೆಗೆ ಕೆಳಗಿಳಿಸಿ ಕೈಯಲ್ಲಿ ಬಿಚ್ಚಿದರು, ಎಸಳುಗಳು ಮುದ್ದೆಯಾಗಿ ಅವರ ಬೂಟಿನ ಮೇಲೆ ಬಿದ್ದವು. ಅವರು ನಕ್ಕುಬಿಟ್ಟರು. ಮಾಸ್ತರು ನಗಲಿಲ್ಲ. ಬೂಂದಿ ಹಂಚಿ ಎಲ್ಲರೂ ಮನೆಗೆ ಹೋದ ಮೇಲೂ ನಾವಿಬ್ಬರು ಮಧ್ಯಾಹ್ನ ಒಂದರ ತನಕ ಕಂಬದ ಕೆಳಗೆ ನಿಂತಿದ್ದೆವು. ಪರೇಡ್ ತಂಡದಿಂದ ಹೆಸರು ಹೋಯಿತು. ಗೆಳೆಯ ಅತ್ತ. ನಾನು ನಿಂತಲ್ಲೇ ಬೆರಳಿನಲ್ಲಿ ಆ ಗಂಟನ್ನು ಗಾಳಿಯಲ್ಲಿ ಹಾಕಿ ಹಾಕಿ ನೋಡುತ್ತಿದ್ದೆ, ಎಲ್ಲಿ ತಪ್ಪಿತು ಅಂತ.

ಹತ್ತು ಹನ್ನೆರಡು ವರ್ಷ ಆದ ಮೇಲೆ ಒಂದು ಮದುವೆ ಊಟದಲ್ಲಿ ಶಾಲೆಯ ಹಳೆಯ ಜವಾನ ಸಿಕ್ಕಿದ. ಎಲೆ ಮುಂದೆ ಕೂತು, ಸಾರು ಬಡಿಸಿಕೊಳ್ಳುತ್ತಾ ಹೇಳಿದ, ಆವತ್ತು ಮಾಸ್ತರು ನಸುಕಿನ ಐದೂವರೆಗೇ ಬಂದಿದ್ದರಂತೆ. ಹುಡುಗರು ಸಡಿಲ ಕಟ್ಟಿದ್ದಾರೆ, ಗಾಳಿಗೆ ಬಿಚ್ಚಿಹೋಗುತ್ತದೆ ಅಂತ ನಮ್ಮ ಗಂಟು ಬಿಚ್ಚಿ, ತಾವೇ ಬಿಗಿಯಾಗಿ ಕಟ್ಟಿದರಂತೆ. "ನಾನ ಟಾರ್ಚ್ ಹಿಡದಿದ್ದೆ" ಅಂದ.

ಇದು ಕೇಳಿದ ಮೇಲೆ ನನಗೆ ಮಾಸ್ತರ ಮೇಲೆ ಸಿಟ್ಟು ಬರಬೇಕಿತ್ತು. ಬಂತು, ಪೂರ್ತಿ ಬರಲಿಲ್ಲ. ಪರೀಕ್ಷೆ ಫೀಸು ಕಟ್ಟಲು ಆಗದ ಹುಡುಗರಿಗೆ ತಮ್ಮ ಜೇಬಿನಿಂದ ಕಟ್ಟುತ್ತಿದ್ದವರೂ ಅವರೇ. ಓಟದ ಹುಡುಗರಿಗೆ ಬೆಳಿಗ್ಗೆ ಬಾಳೆಹಣ್ಣು ತರುತ್ತಿದ್ದರು, ಸಿಪ್ಪೆ ಎಲ್ಲೆಂದರಲ್ಲಿ ಎಸೆದರೆ ಹತ್ತು ಸುತ್ತು ಓಡಿಸುತ್ತಿದ್ದರು. ಇಂಥವರನ್ನು ಏನಂತ ಕರೆಯಬೇಕು? ಸ್ಪ್ರಿಂಗರ್ ಮೇಲೆ ಅಪರಾಧ ಹೊರಿಸುವಾಗ ಕರ್ನಲ್ ಮುಖದಲ್ಲಿ ಏನೂ ಕದಲದೆ ಇರುವುದನ್ನು ನೋಡಿ ನಾನು ಅವತ್ತು ಲ್ಯಾಪ್‌ಟಾಪ್ ಮುಚ್ಚಿದ್ದು ಇದಕ್ಕೇ. ಮೆಕ್‌ಗೂಹನ್ ನಮ್ಮ ಮಾಸ್ತರನ್ನು ಎಲ್ಲಿ ನೋಡಿದ್ದ? ಹುಡುಗನ ಬದುಕು ಹಾಳಾದರೂ ಶಾಲೆ ಉಳಿಯಬೇಕು ಅನ್ನುವ ಆ ಪ್ರಾಮಾಣಿಕ ಮುಖ ನನಗೆ ಗೊತ್ತಿತ್ತು, ಒಂದು ಗಂಟೆಯ ಬಿಸಿಲಲ್ಲಿ ನಿಂತು ನೋಡಿದ ಮುಖ ಅದು.

ಮಾವ ಪ್ಲಾಸ್ಟರ್ ಬಿಚ್ಚಿಸಿಕೊಂಡು ಊರಿಗೆ ಹೋದ. ಶ್ರಾವಣದಲ್ಲಿ ಅವನನ್ನು ನೋಡಿ ಬರೋಣ ಅಂತ ನಾನು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಬೆಂಚಿನ ಮೇಲೆ ಮಾಸ್ತರು ಕೂತಿದ್ದರು. ಎಂಬತ್ತರ ಹತ್ತಿರ ಇರಬೇಕು. ಅಂಗಿಯ ಗುಂಡಿ ಕೊರಳ ತನಕ ಹಾಕಿದ್ದರು, ಶೂ ಈಗಲೂ ಬಿಳಿ. ನಮಸ್ಕಾರ ಸಾರ್ ಅಂದೆ. ಗುರುತು ಸಿಗಲಿಲ್ಲ, ನಾನು ಹೇಳಲೂ ಇಲ್ಲ. ಪಕ್ಕದಲ್ಲಿ ಒಂದು ಬಟ್ಟೆ ಚೀಲ, ಬಾಯಿಗೆ ಹಗ್ಗ ಕಟ್ಟಿತ್ತು. "ತಮ್ಮಾ, ಇದನ್ನೊಂದು ಬಿಚ್ಚಿ ಕೊಡು, ಒಳಗೆ ಮಾತ್ರೆ ಡಬ್ಬಿ ಇದೆ, ಈಗ ಬೆರಳು ನಡೆಯೋದಿಲ್ಲ" ಅಂದರು.

ಗಂಟು ನೋಡಿದೆ. ಶುರುವಿಗೆ ಜೀರುಗುಣಿಕೆಯೇ. ಆದರೆ ಎಳೆಯುವ ತುದಿಯನ್ನು ಹಿಂದಕ್ಕೆ ತಂದು, ಕುಣಿಕೆಯೊಳಗೆ ಇನ್ನೊಂದು ಸುತ್ತು ತೂರಿಸಿ, ಬಿಗಿದು ಬಿಟ್ಟಿದ್ದರು. ಎಳೆದಷ್ಟೂ ಕಚ್ಚಿಕೊಳ್ಳುತ್ತಿತ್ತು. ಉಗುರಿನಿಂದ ಆಗಲಿಲ್ಲ, ಹಲ್ಲು ಹಾಕಿದೆ. ಸಿರುಗುಪ್ಪ ಬಸ್ಸು ಬಂದು ನಿಂತಿತು, ಕಂಡಕ್ಟರ್ ಕೂಗುತ್ತಿದ್ದ, ನನ್ನ ಬಾಯಲ್ಲಿ ಹಗ್ಗ.

"ಬಹಳ ಬಿಗಿ ಇದೆ ಸಾರ್."

"ಸಡಿಲ ಇದ್ದರೆ ದಾರಿಯಲ್ಲಿ ಬಿಚ್ಚಿ ಹೋಗುತ್ತದಪ್ಪ" ಅಂದರು.

ಬಿಚ್ಚಿ ಡಬ್ಬಿ ತೆಗೆದುಕೊಟ್ಟೆ. ಮಾತ್ರೆ ನುಂಗಿ ನೀರು ಕುಡಿದರು. ಇನ್ನೊಂದೇ ಒಂದು ಮಾತು ಸಾರ್, ಅನ್ನುವುದು ನಾಲಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ, ಮತ್ತೆ ಕಟ್ಟಿಬಿಡು ಅಂತ ಚೀಲ ಮುಂದೆ ಮಾಡಿದರು. ಅವರೇ ಕಲಿಸಿದ ಹಾಗೆ ಕಟ್ಟಿದೆ, ಒಂದು ಕಡೆ ಎಳೆದರೆ ಬರುವ ಹಾಗೆ. ಚೀಲ ತೊಡೆಯ ಮೇಲೆ ಇಟ್ಟುಕೊಂಡು ಗಂಟನ್ನು ಹತ್ತಿರದಿಂದ ನೋಡಿದರು, ತುದಿ ಹಿಡಿದು ಎಳೆದರು, ಸರ್ರನೆ ಬಿಚ್ಚಿತು. ತಲೆ ಅಲ್ಲಾಡಿಸಿದರು. ನಡುಗುವ ಬೆರಳಿನಲ್ಲೇ ಹಗ್ಗ ಹಿಡಿದು ಮೊದಲಿನಿಂದ ತಾವೇ ಕಟ್ಟತೊಡಗಿದರು. ನಾನು ಬಸ್ಸು ಹತ್ತಿದೆ.